ಶಿರಸಿಯ ಸಹಕಾರಿ ಅಡಿಕೆ ಟೆಂಡರ್: ಬೆಳೆಗಾರರಿಗೆ ಎಷ್ಟರ ಮಟ್ಟಿಗೆ ಆಸರೆ?

ಶಿರಸಿ ಸೀಮೆಯಲ್ಲಿ ಅಡಿಕೆಯನ್ನು ಮನೆ ಅಂಗಳದಲ್ಲೇ ವ್ಯಾಪಾರಸ್ಥರಿಗೆ ತೂಗಿ ಕೊಡಬಹುದು, ಇಲ್ಲವೇ ಸಹಕಾರಿ ಸಂಘದ ವಖಾರಿಗೆ ಒಯ್ದು ಟೆಂಡರ್‌ಗೆ ಇಡಬಹುದು. ಬೆಳೆಗಾರರ ಸಹಕಾರಿ ಮಾರಾಟ ಸಂಘವಾದ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲೇ ಹುಟ್ಟಿದ ಊರಿದು. ಟೆಂಡರ್ ಸೇವೆಯನ್ನು ದರವೊಂದರಿಂದಲೇ ಅಳೆಯಬಾರದು.

ಕೆಲಸ ನಡೆಯುವುದು ಹೀಗೆ. ಚೀಲ ಇಳಿಸಿ ತೂಗಿ, ಚಾಲಿ (ಬಿಸಿಲಲ್ಲಿ ಒಣಗಿಸಿದ ಹಣ್ಣಡಿಕೆ), ರಾಶಿ, ಬೆಟ್ಟೆ, ಕೆಂಪುಗೋಟು ಎಂದು ಬಗೆಬಗೆಯಾಗಿ ಬೇರ್ಪಡಿಸಿ ಲಾಟ್ ನಂಬರ್ ಹಾಕುತ್ತಾರೆ. ಖರೀದಿದಾರರು ಮಾಲು ಕೈಯಲ್ಲಿ ಹಿಡಿದು, ಕೆಲವನ್ನು ಒಡೆದು ನೋಡಿ, ಒಬ್ಬರದು ಇನ್ನೊಬ್ಬರಿಗೆ ತಿಳಿಯದಂತೆ ಕ್ವಿಂಟಲ್ ದರ ಬರೆಯುತ್ತಾರೆ. ಮೇಲಿನ ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರರು ಬೇಡವೆಂದು ಮುಂದಿನ ಟೆಂಡರ್‌ಗೆ ಕಾಯಬಹುದು. 10 ಕ್ವಿಂಟಲ್ ಚಾಲಿಗೆ ಕ್ವಿಂಟಲಿಗೆ 500 ರೂಪಾಯಿ ಹೆಚ್ಚು ಸಿಕ್ಕರೂ 5,000 ರೂಪಾಯಿ ಉಳಿಯಿತು. ಬೇಡ ಎನ್ನುವ ಈ ಹಕ್ಕೇ ಇಡೀ ಸೇವೆಯ ಜೀವಾಳ.

ಆದರೆ ಸಾಲ ಹತ್ತಿಕೊಂಡಲ್ಲಿ ಈ ಹಕ್ಕು ಸೊರಗುತ್ತದೆ. ಬೆಳೆಸಾಲ, ಗೊಬ್ಬರ, ಕಿರಾಣಿ ಎಲ್ಲವೂ ಒಂದೇ ಸಂಘದ ಖಾತೆಯಲ್ಲಿದ್ದು ವಾಯಿದೆ ಮುಗಿಯುತ್ತ ಬಂದರೆ, ಬಂದ ದರಕ್ಕೆ ಕೊಡದೆ ಗತಿಯಿಲ್ಲ. ಇನ್ನೂ ಕೆಡುಕೆಂದರೆ, ಸಾಲಗಾರ ಸದಸ್ಯರು ಸರ್ವಸಾಧಾರಣ ಸಭೆಯಲ್ಲಿ ಲೆಕ್ಕ ಕೇಳಲು ಎದ್ದು ನಿಲ್ಲುವುದಿಲ್ಲ. ಕಾನೂನು ಅವರಿಗೆ ಕೊಟ್ಟದ್ದು ಕಡಿಮೆಯೇನಲ್ಲ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. 97ನೇ ತಿದ್ದುಪಡಿಯ ನಂತರ ಸಹಕಾರ ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿಯಡಿಯ ಹಕ್ಕಾಗಿದೆ. ಆದರೂ ಸಾಲದ ಹಂಗಿನಲ್ಲಿ ಬಾಯಿ ಕಟ್ಟಿದ ಮೇಲೆ ಆಡಳಿತ ಮಂಡಳಿಯನ್ನು ಪ್ರಶ್ನಿಸುವವರಿಲ್ಲ. ಪ್ರಶ್ನೆಯಿಲ್ಲದ ಮಂಡಳಿ ತೂಕ, ಕಡಿತ, ಠೇವಣಿಗಳ ಮೇಲಿನ ಕಣ್ಣು ಸಡಿಲಿಸುತ್ತದೆ. ಕೊನೆಗೆ ನಷ್ಟ ದರದಲ್ಲೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮಾರಾಟದ ಹಣದಿಂದ ಸಾಲ ಮುರಿದುಕೊಳ್ಳುವ ಸಂಘ, ವಾಯಿದೆಯ ಮುನ್ನ ಮಾಲು ಕಾದಿರಿಸಿ ಅಡಮಾನ ಸಾಲ ಕೊಡುತ್ತದೆಯೇ ಎಂದು ಮೊದಲೇ ಕೇಳಿ.

ಬೆಳೆಗಾರರ ಪಾಲಿನ ಹೊಣೆಯೂ ಇದೆ. ಚಾಲಿಗೆ ಹಣ್ಣಡಿಕೆ ಸುಮಾರು 40-45 ದಿನ ಬಿಸಿಲು ಕಾಣಬೇಕು. ಅರೆ ಒಣಗಿದ್ದು ಚೀಲದಲ್ಲಿ ಬೂಸು ಹಿಡಿದು ಒಳಗೆ ಕಪ್ಪಾಗುತ್ತದೆ. ಹಳೆ ಚಾಲಿಯ ಅಡಿಗೆ ಹೊಸದನ್ನು ಸೇರಿಸಿದರೆ, ಒಡೆದ ನಾಲ್ಕರಲ್ಲಿ ಒಂದು ಕೆಟ್ಟಿದ್ದರೂ ಖರೀದಿದಾರರು ಇಡೀ ಲಾಟ್‌ಗೆ ಆ ಕೆಟ್ಟದ್ದರ ದರವನ್ನೇ ಬರೆಯುತ್ತಾರೆ. ಇಂಥ ಮಾಲು ಪದೇಪದೇ ಬಂದರೆ ಪಕ್ಕದವರ ಒಳ್ಳೆ ಲಾಟನ್ನೂ ಅನುಮಾನದಿಂದ ನೋಡುತ್ತಾರೆ. ಬರೆಯುವವರು ಇಬ್ಬರೋ ಮೂವರೋ ಆದ ದಿನ ಒಳ ಒಪ್ಪಂದ ಸುಲಭ. ಅಂದು ಮಾರದಿರುವುದೇ ಲೇಸು.

ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬಂದಾಗ ತೂಕದ ಚೀಟಿ, ದಲಾಲಿ, ಹಮಾಲಿ, ಸಾಲದ ಕಡಿತವನ್ನು ಅಲ್ಲೇ ತಾಳೆ ನೋಡಿ. ಸೆಪ್ಟೆಂಬರಿನ ವಾರ್ಷಿಕ ಸಭೆಗೆ ಹೋಗುವ ಮೊದಲು ಲೆಕ್ಕಪರಿಶೋಧನಾ ವರದಿಯಲ್ಲಿ ಸುಸ್ತಿ ಸಾಲದ ಪುಟ ಓದಿ.

ದೊಡ್ಡ ಕೊರತೆಯೊಂದು ಉಳಿದಿದೆ. ಷೇರು ಬಹುಪಾಲು ಪಹಣಿಯಲ್ಲಿ ಹೆಸರಿರುವ ಗಂಡಸರದು. ಕಿಲೋ ಲೆಕ್ಕದಲ್ಲಿ ಅಡಿಕೆ ಸುಲಿಯುವ ಹೆಂಗಸರಿಗೆ, ಮರದಿಂದ ಅಡಿಕೆ ಕೊನೆ ಕೊಯ್ಯುವವರಿಗೆ, ಹಮಾಲರಿಗೆ ಈ ಸಭೆಯಲ್ಲಿ ಮತವಿಲ್ಲ. ಅವರ ಕೂಲಿಯ ಮಾತು ಸಭೆಯ ವಿಷಯಪಟ್ಟಿಗೆ ಬರುವವರೆಗೆ ಈ ಸೇವೆಗೆ ಐದರಲ್ಲಿ ಮೂರೂವರೆಗಿಂತ ಹೆಚ್ಚು ಅಂಕ ಕೊಡಲಾಗದು.