ಪಿಡಬ್ಲ್ಯುಎಚ್‌ಎಲ್: ಆಟ ಚೊಕ್ಕ, ಕಿರಿಯರ ದಾರಿ ಮಾತ್ರ ಕಿರಿದು

ಉತ್ತರ ಅಮೆರಿಕದ ಮಹಿಳಾ ವೃತ್ತಿಪರ ಐಸ್ ಹಾಕಿ ಲೀಗ್ ಆದ ಪಿಡಬ್ಲ್ಯುಎಚ್‌ಎಲ್‌ನ ಪಂದ್ಯಗಳನ್ನು ಯೂಟ್ಯೂಬ್‌ನಲ್ಲಿ ಮೊದಲ ಋತುವಿನಿಂದಲೇ ನೋಡುತ್ತ ಬಂದವನ ಅಭಿಪ್ರಾಯ ಇದು. ನೋಡುಗನ ದೃಷ್ಟಿಯಿಂದ ಇದು ಸೊಗಸಾದ ಲೀಗ್; ಇದಕ್ಕೆ ಆಟಗಾರ್ತಿಯರನ್ನು ಒದಗಿಸಬೇಕಾದ ಕಿರಿಯರ ವ್ಯವಸ್ಥೆ ಮಾತ್ರ ಇದರ ಮಟ್ಟಕ್ಕೆ ಇನ್ನೂ ಬಂದಿಲ್ಲ.

ಹಿಂದಿನ ಪ್ರಯತ್ನಗಳು ನಂಬಿಕೆ ಹುಟ್ಟಿಸುವಂತಿರಲಿಲ್ಲ. 2007ರಲ್ಲಿ ಕೆನಡಾದಲ್ಲಿ ಆರಂಭವಾದ ಸಿಡಬ್ಲ್ಯುಎಚ್‌ಎಲ್ 2019ರಲ್ಲಿ ಬಾಗಿಲು ಹಾಕಿತು; 2015ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎನ್‌ಡಬ್ಲ್ಯುಎಚ್‌ಎಲ್, ನಡುವೆ ಹೆಸರು ಬದಲಿಸಿಕೊಂಡು, 2023ರಲ್ಲಿ ಹೊಸ ಲೀಗಿನ ಮಾಲೀಕರ ಕೈಗೆ ಮಾರಾಟವಾಗಿ ಕೊನೆಗೊಂಡಿತು. ಹೀಗಾಗಿ 2024ರ ಜನವರಿ 1ರಂದು ಟೊರೊಂಟೊದಲ್ಲಿ ಈ ಹೊಸ ಲೀಗಿನ ಮೊದಲ ಪಂದ್ಯ ನಡೆದಾಗ ಅನುಮಾನಪಟ್ಟವರನ್ನು ದೂರುವಂತಿಲ್ಲ. ಆರು ತಂಡಗಳಿಗೆ ಆಗಿನ್ನೂ ಹೆಸರೇ ಇರಲಿಲ್ಲ, ಜೆರ್ಸಿಯ ಮೇಲೆ ಊರಿನ ಹೆಸರಷ್ಟೇ ಇತ್ತು. ಆದರೂ ಅದೇ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನ ಬೆಲ್ ಸೆಂಟರ್‌ಗೆ ಒಂದು ಪಂದ್ಯ ನೋಡಲು 21,105 ಮಂದಿ ಬಂದರು.

ಈ ಲೀಗಿನ ನಿಜವಾದ ಆಕರ್ಷಣೆ ಅದರ ನಿಯಮಗಳಲ್ಲಿದೆ. ಸಾಮಾನ್ಯವಾಗಿ ಒಬ್ಬಳು ತಪ್ಪಿಗೆ ಶಿಕ್ಷೆಯಾಗಿ ಎರಡು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕುಳಿತರೆ, ಉಳಿದ ನಾಲ್ವರು ಗೋಲಿನ ಮುಂದೆ ಕೋಟೆ ಕಟ್ಟಿಕೊಂಡು, ಪಕ್ (ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ) ಸಿಕ್ಕರೆ ದೂರಕ್ಕೆ ಹೊಡೆದು ಹೊತ್ತು ಕಳೆಯುತ್ತಾರೆ. ಇಲ್ಲಿ ಹಾಗಲ್ಲ: ಆ ನಾಲ್ವರು ಗೋಲು ಹೊಡೆದರೆ ಬಾಕ್ಸ್‌ನಲ್ಲಿದ್ದವಳು ತಕ್ಷಣ ಹೊರಬರುತ್ತಾಳೆ. 'ಜೈಲ್‌ಬ್ರೇಕ್' ಎಂದು ಕರೆಯುವ ಈ ಒಂದು ನಿಯಮದಿಂದ, ರಕ್ಷಣೆಗೆ ನಿಂತವರೂ ಪಕ್ ಕಸಿದ ಕೂಡಲೇ ಎದುರಾಳಿಯ ಗೋಲಿನತ್ತ ನುಗ್ಗುವುದಕ್ಕೆ ಕಾರಣ ಸಿಕ್ಕಿದೆ. ಇನ್ನೊಂದು, ಅಗ್ರಸ್ಥಾನದ ತಂಡ ಸೆಮಿಫೈನಲ್ ಎದುರಾಳಿಯನ್ನು ತಾನೇ ಆರಿಸಿಕೊಳ್ಳಬಹುದು. 2024ರಲ್ಲಿ ಟೊರೊಂಟೊ ನಾಲ್ಕನೇ ಸ್ಥಾನದ ಮಿನೆಸೋಟವನ್ನು ಆರಿಸಿ, ಮೊದಲೆರಡು ಪಂದ್ಯ ಗೆದ್ದು, ಮುಂದಿನ ಮೂರನ್ನೂ ಸೋತಿತು. ಮಿನೆಸೋಟ ಲೀಗಿನ ಪ್ರಶಸ್ತಿಯಾದ ವಾಲ್ಟರ್ ಕಪ್ಪನ್ನೇ ಎತ್ತಿಕೊಂಡು ಹೋಯಿತು. ಮರುವರ್ಷ ಮಾಂಟ್ರಿಯಲ್ ಒಟ್ಟಾವವನ್ನು ಆರಿಸಿ ಮನೆಗೆ ಹೋಯಿತು. ಆರಿಸುವ ಹಕ್ಕು ಹೀಗೆ ಮೊದಲ ಎರಡು ಬಾರಿಯೂ ಕೈಕೊಟ್ಟಿದ್ದರೂ, ನಮ್ಮಂಥ ನೋಡುಗರಿಗೆ ಅದು ಹಬ್ಬ.

ಕೊರತೆ ಕಾಣುವುದು ಒಂದು ಮೆಟ್ಟಿಲು ಕೆಳಗೆ. ಕೆನಡಾದ ಹುಡುಗರಿಗೆ ಮೂರು ಮೇಜರ್ ಜೂನಿಯರ್ (ಕಿರಿಯರ ಅತ್ಯುನ್ನತ ಮಟ್ಟದ) ಲೀಗ್‌ಗಳಿದ್ದು, ಹದಿಹರೆಯದಲ್ಲೇ ತುಂಬಿದ ಕ್ರೀಡಾಂಗಣದ ಮುಂದೆ ಆಡುವ ಅಭ್ಯಾಸವಾಗುತ್ತದೆ. ಹುಡುಗಿಯರಿಗೆ ಆ ತೂಕದ ವೇದಿಕೆಯಿಲ್ಲ. ಒಂಟಾರಿಯೊದ 22 ವರ್ಷದೊಳಗಿನವರ ಲೀಗಿನಂಥವು ಇದ್ದರೂ, ಅಂತಿಮವಾಗಿ ಅವರನ್ನು ರೂಪಿಸುತ್ತಿರುವುದು ಹೆಚ್ಚಾಗಿ ಅಮೆರಿಕದ ವಿಶ್ವವಿದ್ಯಾಲಯಗಳು. ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಮೊದಲ ಮೂರು ಡ್ರಾಫ್ಟ್‌ಗಳಲ್ಲಿ ಮೊದಲಿಗರಾಗಿ ಆಯ್ಕೆಯಾದವರನ್ನೇ ನೋಡಿ: ಅಮೆರಿಕದ ಟೇಲರ್ ಹೈಸ್ ಮಿನೆಸೋಟ ವಿಶ್ವವಿದ್ಯಾಲಯದಿಂದ, ಕೆನಡಾದ ಸಾರಾ ಫಿಲಿಯರ್ ಪ್ರಿನ್ಸ್‌ಟನ್‌ನಿಂದ, ಜೆಕ್ ದೇಶದ ಕ್ರಿಸ್ಟೀನಾ ಕಾಲ್ಟೌನ್ಕೋವಾ ಕೋಲ್ಗೇಟ್ ವಿಶ್ವವಿದ್ಯಾಲಯದಿಂದ ಬಂದವರು. ದೇಶ ಮೂರಾದರೂ ದಾರಿ ಒಂದೇ, ಮತ್ತು ಕಾಲೇಜಿನ ಪ್ರವೇಶ ಸಿಗದವಳಿಗೆ ಆ ದಾರಿ ಅಲ್ಲಿಗೇ ಮುಗಿಯುತ್ತದೆ.

ಇದರ ಪರಿಣಾಮ ಆಟದಲ್ಲೂ ಕಾಣುತ್ತದೆ. ಪಿಡಬ್ಲ್ಯುಎಚ್‌ಎಲ್‌ನಲ್ಲಿ ಪಕ್‌ಗಾಗಿ ಸೆಣಸುವಾಗ ದೇಹದ ಬಲ ಬಳಸಿ ಎದುರಾಳಿಯನ್ನು ತಡೆಯಲು ಸಾಕಷ್ಟು ಅವಕಾಶವಿದೆ. ಅಮೆರಿಕದ ಕಾಲೇಜು ಮಹಿಳಾ ಹಾಕಿಯಲ್ಲಿ ಬಾಡಿ ಚೆಕಿಂಗ್, ಅಂದರೆ ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆದು ತಡೆಯುವುದು, ನಿಷಿದ್ಧ. ಹೊಡೆತ ಕೊಡುವುದಕ್ಕಿಂತ ಅದನ್ನು ತೆಗೆದುಕೊಳ್ಳುವುದು, ಅಂದರೆ ಅಂಚಿನ ಗೋಡೆಯ ಹತ್ತಿರ ಭುಜ ತಿರುಗಿಸಿ, ಮೊಣಕಾಲು ಬಗ್ಗಿಸಿ, ತಲೆಯೆತ್ತಿ ನಿಲ್ಲುವುದು, ಚಿಕ್ಕಂದಿನಲ್ಲೇ ಮೈಗೂಡಬೇಕಾದ ವಿದ್ಯೆ. ಅದನ್ನು ಇಪ್ಪತ್ತೆರಡರ ವಯಸ್ಸಿನಲ್ಲಿ, ಸಂಬಳಕ್ಕೆ ಆಡುತ್ತ ಕಲಿಯುವಂತೆ ಮಾಡಿರುವುದು ನನಗೆ ಸರಿಯೆನಿಸುವುದಿಲ್ಲ.

ಸಿಯಾಟಲ್ ಮತ್ತು ವ್ಯಾಂಕೂವರ್ ಸೇರಿ 2025ರಲ್ಲಿ ತಂಡಗಳು ಎಂಟಾದವು. ಹೊಸದಾಗಿ ನೋಡುವವರು ಪ್ಲೇಆಫ್‌ನಿಂದ ಆರಂಭಿಸಲಿ. ಕಿರಿಯರ ಆಟದ ಕುತೂಹಲವಿದ್ದವರು 2008ರಿಂದ ನಡೆಯುತ್ತಿರುವ 18 ವರ್ಷದೊಳಗಿನವರ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ಪನ್ನೂ ಜೊತೆಗೆ ನೋಡಬಹುದು, ಏಕೆಂದರೆ ಮುಂದಿನ ಡ್ರಾಫ್ಟ್‌ಗಳ ಹೆಸರುಗಳು ಮೊದಲು ಕೇಳಿಬರುವುದು ಅಲ್ಲಿಯೇ.