ಟ್ರಾನ್ಸ್‌ನಿಸ್ಟ್ರಿಯಾನಾ, ಅಬ್ಖಾಜಿಯಾನಾ?

ಎರಡೂ ತಾವೇ ಸ್ವತಂತ್ರ ದೇಶ ಅಂತ ಹೇಳಿಕೊಳ್ಳುವ ಪ್ರದೇಶಗಳು: ಟ್ರಾನ್ಸ್‌ನಿಸ್ಟ್ರಿಯಾ ಮೊಲ್ಡೋವಾದಿಂದ ಬೇರೆಯಾದದ್ದು, ಅಬ್ಖಾಜಿಯಾ ಜಾರ್ಜಿಯಾದಿಂದ. ಪ್ರಬಂಧಕ್ಕೆ ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಅನ್ನುವ ಗೊಂದಲವಿದ್ದರೆ, ನಾನು ಟ್ರಾನ್ಸ್‌ನಿಸ್ಟ್ರಿಯಾ ಅನ್ನುತ್ತೇನೆ. ಮೊಲ್ಡೋವಾ ಜೊತೆಗಿನ 1992ರ ಯುದ್ಧದಲ್ಲಿ ರಷ್ಯಾದ 14ನೇ ಸೇನೆ ಪ್ರತ್ಯೇಕತಾವಾದಿಗಳ ಪರ ನಿಂತಿತು. ಮೊಲ್ಡೋವಾ ಬೇಡವೆಂದರೂ ಸುಮಾರು 1,500 ರಷ್ಯನ್ ಸೈನಿಕರು ಅಲ್ಲೇ ಉಳಿದರು. ಅಲ್ಲಿನ ಕೋಬಾಸ್ನಾ ಹಳ್ಳಿಯಲ್ಲಿ ಸೋವಿಯತ್ ಕಾಲದ ಮದ್ದುಗುಂಡಿನ ದೊಡ್ಡ ಉಗ್ರಾಣವಿದೆ. 2014ರಲ್ಲಿ ಪ್ಲಾಸ್ಟಿಕ್ ನಾಣ್ಯಗಳೂ ಬಂದವು: ದುಂಡಗಿನದು, ಚೌಕದ್ದು, ಐದು ಮೂಲೆಯದು, ಆರು ಮೂಲೆಯದು. ಸ್ವಂತ ನಾಣ್ಯವಿದೆ, ಆದರೆ ವಿಶ್ವಸಂಸ್ಥೆಯ ಒಂದೇ ಒಂದು ಸದಸ್ಯ ದೇಶವೂ ಇದನ್ನು ದೇಶವೆಂದು ಒಪ್ಪಿ ಮಾನ್ಯತೆ ಕೊಟ್ಟಿಲ್ಲ. ಸೇನೆ ಇಟ್ಟ ರಷ್ಯಾನೇ ಕೊಟ್ಟಿಲ್ಲ! ಯೋಚಿಸಬೇಕಾದ ವಿಷಯ, ಅಲ್ವಾ?

ಅಬ್ಖಾಜಿಯಾದಲ್ಲಿ ಹಾಗಲ್ಲ. 2008ರ ಆಗಸ್ಟ್‌ನ ರಷ್ಯಾ-ಜಾರ್ಜಿಯಾ ಯುದ್ಧದ ಬೆನ್ನಲ್ಲೇ ರಷ್ಯಾ ಮಾನ್ಯತೆ ಕೊಟ್ಟಿತು. ಅಲ್ಲಿನ ಗುದೌತಾದಲ್ಲಿ ರಷ್ಯಾದ ಸೇನಾ ನೆಲೆಯಿದೆ. ಆದರೆ ಜಾರ್ಜಿಯಾ ಅಬ್ಖಾಜಿಯಾವನ್ನು ರಷ್ಯಾ ಆಕ್ರಮಿಸಿದ ನೆಲ ಅನ್ನುತ್ತದೆ. ಮಾನ್ಯತೆಯ ಕಾನೂನೇ ನಿಮ್ಮ ವಿಷಯವಾದರೆ ಇದನ್ನೇ ಹಿಡಿಯಿರಿ. ಆದರೆ ಇಲ್ಲಿ ನಡೆದ 1992-93ರ ಯುದ್ಧದಲ್ಲಿ ಮನೆ ಬಿಟ್ಟು ಓಡಿದ ಎರಡು ಲಕ್ಷಕ್ಕೂ ಜಾಸ್ತಿ ಜಾರ್ಜಿಯನ್ನರನ್ನು ದಯವಿಟ್ಟು ಮರೆಯಬೇಡಿ.