ಅಡಿಕೆಗೆ ಔಷಧಿ ಹೊಡೆಯುವ ದಿನ ಆಕ್ಸೊಲಾಟಲ್ ಮರಿಗಳ ನೀರು ಬದಲಿಸಬೇಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದ ಮನೆಯಲ್ಲಿ ಆಕ್ಸೊಲಾಟಲ್ (ಕಪ್ಪೆಯ ಹಾಗೆ ಉಭಯಚರ ಬಳಗದ, ನೀರಿನಲ್ಲೇ ಬದುಕುವ ಬಾಲದ ಪ್ರಾಣಿ) ಮರಿ ಸಾಕುತ್ತಿರುವವರು ದಯವಿಟ್ಟು ಓದಿ. ಪೇಟೆಯವರಿಗೆ ನಲ್ಲಿ ನೀರಿನ ಕ್ಲೋರಿನ್ ಭಯ. ನಮಗೆ ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು, ಇದಕ್ಕಿಂತ ಒಳ್ಳೆಯದು ಎಲ್ಲಿದೆ ಅನ್ನುತ್ತಾರೆ. ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಸಮಯದಲ್ಲಿ ಆ ಮಾತು ನಂಬಬೇಡಿ.

ಮಳೆ ಸ್ವಲ್ಪ ಹೊಳವಾಗಿತ್ತು. ಪಕ್ಕದ ತೋಟಕ್ಕೆ ಬಂದವರು ಬೋರ್ಡೋ ಹೊಡೆದು, ಡ್ರಮ್ಮು ಪೈಪು ಎಲ್ಲ ನಮ್ಮ ಅಬ್ಬಿ ತೊಟ್ಟಿಯಲ್ಲೇ ತೊಳೆದು ಹೋಗಿದ್ದರು. ನಮಗೆ ಹೇಳಿದವರಿಲ್ಲ. ಸಂಜೆ ಎಂದಿನಂತೆ ಮರಿಗಳ ಡಬ್ಬಿಗೆ ಹೊಸ ನೀರು ಬಿತ್ತು.

ಮೊದಲು ಹೋಗಿದ್ದು ಮರಿಗಳಲ್ಲ, ಅವುಗಳ ಊಟ. ಪುಟಪುಟ ಕುಪ್ಪಳಿಸುತ್ತಿದ್ದ ಡ್ಯಾಫ್ನಿಯಾ ಅನ್ನುವ ನೀರಿನ ಪುಟ್ಟ ಜೀವಿಗಳು ರಾತ್ರಿ ಹೊತ್ತಿಗೆ ತಳದಲ್ಲಿ ತೌಡಿನ ಹಾಗೆ ಬಿದ್ದಿದ್ದವು. ಬೆಳಿಗ್ಗೆ ನೋಡಿದರೆ ಮರಿಗಳ ಕಿವಿರು ಮುದುರಿತ್ತು. ಮುಂಗಾಲು ಆಗತಾನೇ ಮೂಡಿದ್ದವು ಒಂದು ಮಗ್ಗುಲಿಗೆ ವಾಲಿದ್ದವು, ಪಿಪೆಟ್ಟಿನಿಂದ ಮುಟ್ಟಿದರೂ ಓಡಲಿಲ್ಲ. ಸಂಜೆಯೊಳಗೆ ಹೆಚ್ಚಿನವು ಸತ್ತವು. ತೊಟ್ಟಿಯ ಅಂಚಿನಲ್ಲಿ ತೆಳು ನೀಲಿ ಕೆಸರು ಕಂಡಾಗಲೇ ವಿಷಯ ತಿಳಿದಿದ್ದು.

ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ. ನಮಗೆ ರುಚಿಯಲ್ಲೂ ಗೊತ್ತಾಗದಷ್ಟು ತಾಮ್ರ ಈ ಮರಿಗಳನ್ನು ಕೊಲ್ಲುತ್ತದೆ. ಅದರಲ್ಲೂ ಮಲೆನಾಡಿನ ನೀರು ಮೆದು. ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಜಾಸ್ತಿ.

ಮರಿ ಮಾರಿದವರಿಗೆ ಫೋನ್ ಮಾಡಿದರೆ, 'ಒಂದು ರಾತ್ರಿ ಇಟ್ಟು ಬಳಸಿ, ಆಂಟಿ ಕ್ಲೋರಿನ್ ಹಾಕಿ' ಅಂದರು. ಸುಮ್ನೆ ಬಾಯಿಗೆ ಬಂದ ಮಾತು! ಇಟ್ಟರೆ ಕ್ಲೋರಿನ್ ಹಾರಬಹುದು, ತಾಮ್ರ ಎಲ್ಲಿಗೆ ಹೋಗುತ್ತದೆ? ಕುದಿಸಿದರೂ ಅಷ್ಟೇ, ನೀರು ಆವಿಯಾಗಿ ಅದರ ಪ್ರಮಾಣ ಏರುತ್ತದೆ. ಬಚ್ಚಲ ತಾಮ್ರದ ಹಂಡೆಯ ನೀರೂ ಬೇಡ. ಮೀನಿನ ಔಷಧಿ ಹಾಕುವ ಮೊದಲು ತಾಮ್ರ ಇದೆಯಾ ಅಂತ ಬಾಟಲಿ ಓದಿ.

ಈಗ ನಾವು ಹೊಸ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ನಾಲ್ಕಾರು ಡ್ಯಾಫ್ನಿಯಾ ಬಿಟ್ಟು, ರಾತ್ರಿ ಕಳೆಯಲು ಬಿಡುತ್ತೇವೆ. ಬೆಳಿಗ್ಗೆ ಅವು ಸತ್ತಿದ್ದರೆ ಆ ನೀರು ಚರಂಡಿಗೆ. ಅಮೋನಿಯಾ ನೋಡುವ ಕಿಟ್ಟಿನಲ್ಲಿ ತಾಮ್ರ ಕಾಣುವುದಿಲ್ಲ, ಅದಕ್ಕೆ ಬೇರೆ ಕಿಟ್ ಬೇಕು.

ಮೊದಲ ಸುತ್ತು ಆಗಿ 40-45 ದಿನಕ್ಕೆ ಸಾಮಾನ್ಯವಾಗಿ ಎರಡನೇ ಸುತ್ತು ಹೊಡೆಯುತ್ತಾರೆ. ಅಕ್ಕಪಕ್ಕದ ತೋಟದವರನ್ನು ಕೇಳಿ ದಿನ ತಿಳಿದುಕೊಳ್ಳಿ. ಹಿಂದಿನ ದಿನವೇ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ನೀರು ಹಿಡಿದು ಮುಚ್ಚಿಡಿ. ಆ ಬಕೆಟ್ಟು ಮಾತ್ರ ತೋಟದ ಕಡೆ ಹೋಗದಿರಲಿ.